ರಿವಾಲ್ವರ್ ಮನೆಯಲ್ಲಿದ್ದ ಏಳು ದಿನ

ಗುರುವಾರ ಮಧ್ಯಾಹ್ನ ಬೀಗದ ಮೇಷ್ಟ್ರು ಅಂಗಡಿಗೆ ಅರ್ಧ ದಿನ ರಜೆ ಹಾಕಿದರು. ಹದಿನಾಲ್ಕು ತಿಂಗಳು ಅಲೆದಾಡಿ ಪಡೆದ ಪರವಾನಗಿಯನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಹೋಗಿ ಒಂದು ರಿವಾಲ್ವರ್ ಕೊಂಡು ತಂದರು.

ಮೇಷ್ಟ್ರು ಅಂದರೆ ಅವರೇನೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಮೂವತ್ತೈದು ವರ್ಷದಿಂದ ಮಾಡಿದ್ದು ಬೀಗ ರಿಪೇರಿ, ಕಳೆದುಹೋದ ಕೀಲಿಗೆ ಬದಲಿ ಕೀಲಿ ಮಾಡಿಕೊಡುವುದು, ಒಳಗಿಂದ ಸಿಕ್ಕಿಹಾಕಿಕೊಂಡ ಬಾಗಿಲು ತೆಗೆಯುವುದು, ಇಷ್ಟೇ. ಎಂಥ ಹಟಮಾರಿ ಬೀಗವನ್ನೂ ಕಿವಿಗೆ ಹಿಡಿದು, ತಂತಿ ತೂರಿಸಿ, ಮಗುವನ್ನು ಪುಸಲಾಯಿಸಿದ ಹಾಗೆ ಪುಸಲಾಯಿಸಿ ಬಾಯಿ ಬಿಡಿಸುತ್ತಿದ್ದರು. ಅದಕ್ಕೇ ಆ ಬೀದಿಯವರು ಅವರಿಗೆ ಮೇಷ್ಟ್ರು ಅಂತ ಹೆಸರಿಟ್ಟಿದ್ದರು.

ಅರ್ಜಿಯಲ್ಲಿ ಬರೆದ ಕಾರಣ ಸುಳ್ಳಲ್ಲ. ಎರಡು ವರ್ಷದ ಹಿಂದೆ ಅಂಗಡಿ ಮುಚ್ಚುವ ಹೊತ್ತಿಗೆ ಇಬ್ಬರು ಬಂದು, ಯಾರದೋ ಮನೆಯ ಬಾಗಿಲು ತೆಗೆದುಕೊಡಬೇಕು ಅಂದಿದ್ದರು. ಆಗಲ್ಲ ಅಂದದ್ದಕ್ಕೆ ಒಬ್ಬ ಮೇಜಿನ ಮೇಲೆ ಚಾಕು ಇಟ್ಟ. ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನವನು ಬೆಂಕಿಪೊಟ್ಟಣ ಕೇಳಲು ಒಳಗೆ ಬಂದದ್ದರಿಂದ ಬಚಾವಾದರು. ಆದರೆ ಮನಸ್ಸಿನೊಳಗಿನ ಕಾರಣ ಬೇರೆಯೇ ಇತ್ತು, ಅದಕ್ಕೆ ವಯಸ್ಸೂ ಹೆಚ್ಚು. ಇಪ್ಪತ್ತೆರಡರ ಹರೆಯದಲ್ಲಿ ಯಾರದೋ ಮನೆಯಲ್ಲಿ ತುಕ್ಕು ಹಿಡಿದ ತಿಜೋರಿಯೊಂದನ್ನು ತೆಗೆದುಕೊಟ್ಟಿದ್ದರು. ಒಳಗೆ ಕಾಗದಪತ್ರಗಳ ಮೇಲೆ ಒಂದು ರಿವಾಲ್ವರ್ ಮಲಗಿತ್ತು. ಉದ್ದನೆಯ ನಳಿಗೆ, ಜೇನಿನ ಬಣ್ಣದ ಮರದ ಹಿಡಿ. ಮನೆಯ ಯಜಮಾನರು ನಗುತ್ತಾ, "ಹಿಡ್ಕೊಂಡು ನೋಡಪ್ಪ" ಅಂತ ಒಂದು ನಿಮಿಷ ಕೈಗೆ ಕೊಟ್ಟಿದ್ದರು. ಆ ಒಂದು ನಿಮಿಷ ಇಪ್ಪತ್ತೊಂಬತ್ತು ವರ್ಷ ಅಂಗೈಯಲ್ಲಿ ಉಳಿದುಬಿಟ್ಟಿತ್ತು.

ಬಂದೂಕಿನ ಅಂಗಡಿಯ ಮುದುಕ ಪೆಟ್ಟಿಗೆ ಬಿಚ್ಚುತ್ತಾ ಹೇಳಿದ್ದ: "ಹಳೇ ಮಾದರಿ, ಹೊಸ ಮಾಲು. ಇದನ್ನ ಕೊಳ್ಳೋರು ಎರಡೇ ಥರ. ಹೆದರಿದೋರು, ಇಲ್ಲಾ ಆಸೆಪಟ್ಟೋರು. ತಾವು?"

"ಅರ್ಜೀಲಿ ಬರ್ದಿದೀನಲ್ಲ."

"ಅರ್ಜೀಲಿ ಎಲ್ರೂ ಹೆದರಿದೋರೇ ಸ್ವಾಮಿ" ಅಂದ ಮುದುಕ, ತಲೆ ಎತ್ತದೆ.

ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನ ಕೆಲಸ ಮುಗಿಸಿ ಬರುವುದು ನಾಲ್ಕರ ಮೇಲೆ. ಮೇಷ್ಟ್ರು ಚಿಲಕ ಹಾಕಿ, ಊಟದ ಮೇಜಿನ ಮೇಲೆ ಪೇಪರು ಹಾಸಿ, ಅದನ್ನು ಹೊರತೆಗೆದರು. ಮೊದಲು ಅರಿವಿಗೆ ಬಂದದ್ದು ತೂಕ. ಅಂಗಡಿಯಲ್ಲಿ ಹಿಡಿದಾಗ ಇಷ್ಟು ಭಾರ ಅನಿಸಿರಲಿಲ್ಲ. ಉಕ್ಕು ತಣ್ಣಗಿತ್ತು. ಐದು ನಿಮಿಷ ಹಿಡಿದಿರುವಷ್ಟರಲ್ಲಿ ಕೈಯ ಬಿಸಿಯನ್ನೆಲ್ಲ ಹೀರಿಕೊಂಡು ತನಗೇ ಮೈಬಿಸಿ ಇರುವ ಪ್ರಾಣಿಯ ಹಾಗಾಯಿತು. ಗುಂಡು ತುಂಬುವ ಉರುಳೆಯನ್ನು ಹೆಬ್ಬೆರಳಿನಿಂದ ತಿರುಗಿಸಿದರು. ಟಿಕ್, ಟಿಕ್, ಟಿಕ್. ಆರು ಸಲ, ಆರೂ ಒಂದೇ ಸದ್ದು. ಕೂದಲೆಳೆಯಷ್ಟೂ ಸಡಿಲವಿಲ್ಲ. 'ಆಹಾ, ಎಂಥ ಕೆಲಸಗಾರ ಮಾಡಿದಾನಪ್ಪ ಇದನ್ನ!' ಅನಿಸಿತು. ಮರದ ಹಿಡಿಯನ್ನು ಮೂಸಿದರು. ಎಣ್ಣೆ, ಮೆರುಗು, ಹೊಸ ಪೀಠೋಪಕರಣದ ವಾಸನೆ.

ಹಾಗೆ ಖುಷಿಪಡುತ್ತಿದ್ದವರು ಗಕ್ಕನೆ ನಿಂತರು. ತೋರುಬೆರಳು ಯಾರ ಅಪ್ಪಣೆಯೂ ಇಲ್ಲದೆ ಗುಂಡು ಹಾರಿಸುವ ಕುದುರೆಯ ಮೇಲೆ ಹೋಗಿ ಕೂತಿತ್ತು. ನಳಿಗೆ ಗೋಡೆಯ ಕಡೆಗಿತ್ತು. ಗೋಡೆಯಾಚೆ ಪಕ್ಕದ ಮನೆಯ ಅಡುಗೆಮನೆ. ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಬೇಗ ಬಲಕ್ಕೆ ತಿರುಗಿಸಿದರು. ಅಲ್ಲಿ ಕಿಟಕಿ, ಕಿಟಕಿಯಾಚೆ ಬೀದಿ. ಮೇಲಕ್ಕೆ ಎತ್ತಿದರೆ ಮೇಲಿನ ಮನೆಯ ಟೈಪಿಸ್ಟಮ್ಮ ಓಡಾಡುತ್ತಿದ್ದರು. ಕೆಳಗೆ ತಿರುಗಿಸಿದರೆ ಟೈಲರನ ಅಂಗಡಿ, ಹೊಲಿಗೆ ಯಂತ್ರದ ಗರಗರ. ಒಳಗೆ ಒಂದೂ ಗುಂಡಿಲ್ಲ, ಅದು ಅವರಿಗೆ ಗೊತ್ತು. ಆದರೂ ಎಲ್ಲಿ ತಿರುಗಿಸಿದರೂ ಅಲ್ಲೊಬ್ಬರು ಇದ್ದೇ ಇದ್ದರು. ಹದಿನೆಂಟು ವರ್ಷದಿಂದ ಆ ಮನೆಯಲ್ಲಿದ್ದರೂ ಸುತ್ತ ಇಷ್ಟು ಜನ ಇದ್ದಾರೆ ಅಂತ ಅವರಿಗೆ ಅವತ್ತೇ ಗೊತ್ತಾದದ್ದು.

ಹೆಂಡತಿ ಬಂದವಳು ಬ್ಯಾಗು ಕೆಳಗಿಡದೆಯೇ ನೋಡಿದಳು.

"ಅಂತೂ ತಂದ್ರಾ?"

"ಹೂಂ. ಹೆಂಗಿದೆ?"

"ಒಳಗೆ ಏನಾದ್ರೂ ತುಂಬಿದೀರಾ?"

"ಇಲ್ವೇ."

"ಹಂಗಿದ್ರೆ ಊಟದ ಮೇಜಿಂದ ತೆಗೀರಿ." ಕೈತೊಳೆಯಲು ಹೋದವಳು ಅಲ್ಲಿಂದಲೇ ಹೇಳಿದಳು: "ನಾನು ದಿನಕ್ಕೆ ಎಂಬತ್ತು ಜನಕ್ಕೆ ಸೂಜಿ ಚುಚ್ತೀನಿ ಕಣ್ರೀ. ಒಂದು ದಿನಾನಾದ್ರೂ ಚೆನ್ನಾಗಿದೆ ಅಂತ ಸೂಜಿ ಮನೆಗೆ ತಂದಿದೀನಾ?"

ಮೇಷ್ಟ್ರು ನಕ್ಕರು. ಆದರೆ ಎಲ್ಲಿಡಬೇಕು ಅನ್ನುವ ಪ್ರಶ್ನೆ ಆಗಿನಿಂದಲೇ ತಲೆಗೆ ಹುಳ ಬಿಟ್ಟಂತೆ ಕೊರೆಯತೊಡಗಿತು. ಬೇರೆಯವರಾಗಿದ್ದರೆ ಬೀರುವಿನಲ್ಲಿಟ್ಟು ಬೀಗ ಹಾಕಿ ಹಾಯಾಗಿರುತ್ತಿದ್ದರು. ಇವರಿಗೆ ಆ ಸುಖ ಇಲ್ಲ. ಬೀರುವಿನ ಬೀಗಕ್ಕೆ ಒಂದು ತಲೆಪಿನ್ನು, ನಲವತ್ತು ಸೆಕೆಂಡು ಸಾಕು. ಟ್ರಂಕಿನ ಬೀಗಕ್ಕೆ ಎರಡೇಟು. ಅಂಗಡಿಯಿಂದ ಅತ್ಯುತ್ತಮ ಅನ್ನುವ ಬೀಗವನ್ನೇ ತಂದು ಹಾಕಿದರು. ಅದರ ಗುಟ್ಟೂ ಗೊತ್ತಿದ್ದರಿಂದ ಅರ್ಧ ಗಂಟೆಯಲ್ಲಿ ಅದರ ಮೇಲಿನ ನಂಬಿಕೆಯೂ ಹೋಯಿತು. ಗುರುವಾರ ಬೀರುವಿನಲ್ಲಿದ್ದದ್ದು ಶುಕ್ರವಾರ ಬೆಳಗ್ಗೆ ಮಂಚದ ಕೆಳಗಿನ ಟ್ರಂಕಿಗೆ ಬಂತು, ಸಂಜೆ ಅಟ್ಟಕ್ಕೆ ಹತ್ತಿತು. ಜೊತೆಗೆ ಕೊಂಡ ಗುಂಡಿನ ಡಬ್ಬಿ ಬೇರೆ ಕಡೆ ಇರಬೇಕಲ್ಲ. ಅದು ಇದರ ಹಿಂದೆ ಒಂದು ಜಾಗ ಬಿಟ್ಟು ಒಂದು ಜಾಗ ತಿರುಗುತ್ತಿತ್ತು.

ಶನಿವಾರ ಬೆಳಗ್ಗೆ ಪುಟ್ಟ ಬಂದ.

ಪುಟ್ಟ ಅಂದರೆ ಹೆಂಡತಿಯ ತಮ್ಮ. ಮೂವತ್ತನಾಲ್ಕು ವರ್ಷ, ಆರಡಿ ಎತ್ತರ, ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕು. ಅಕ್ಕನ ಬಾಯಲ್ಲಿ ಮಾತ್ರ ಇನ್ನೂ ಪುಟ್ಟ. ದೊಡ್ಡ ಕಟ್ಟಡ ಕಟ್ಟುವ ಕಡೆ ಕ್ರೇನ್ ಓಡಿಸುತ್ತಿದ್ದ. ಇಪ್ಪತ್ತು ಮಹಡಿಯ ಎತ್ತರದಲ್ಲಿ ಗೂಡಿನಷ್ಟು ಕೋಣೆಯಲ್ಲಿ ಕೂತು ಕಬ್ಬಿಣದ ತೊಲೆಗಳನ್ನು ಹೂವಿನ ಹಾಗೆ ಎತ್ತಿ ಇಡುವವನು. ನಾಲ್ಕು ತಿಂಗಳ ಹಿಂದೆ ಸರಪಳಿ ಕಡಿದು ತೊಲೆ ಕೆಳಗೆ ಬಿದ್ದಿತ್ತು. ಕೆಳಗೆ ನಿಂತು ಕೈಸನ್ನೆ ಮಾಡುತ್ತಿದ್ದವನು ಹತ್ತು ವರ್ಷದ ಗೆಳೆಯ, ಸ್ಥಳದಲ್ಲೇ ಹೋದ. ವಿಚಾರಣೆ ನಡೆದು, ಸರಪಳಿಯದೇ ದೋಷ, ಓಡಿಸುವವನ ತಪ್ಪಿಲ್ಲ ಅಂತ ಬರೆದುಕೊಟ್ಟರು. ಆ ಕಾಗದವನ್ನು ಪುಟ್ಟ ಮಡಿಸಿ ಎಲ್ಲೋ ಇಟ್ಟ. ಆಮೇಲೆ ಕ್ರೇನ್ ಹತ್ತಲಿಲ್ಲ. ಕೋಣೆಯಲ್ಲಿ ಒಬ್ಬನೇ ಇರುತ್ತಿದ್ದ. ಅಕ್ಕ ಫೋನಿನಲ್ಲಿ ಜೋರು ಮಾಡಿದ್ದಕ್ಕೆ ಒಂದೇ ಒಂದು ಕೈಚೀಲ ಹಿಡಿದು ಬಂದಿದ್ದ.

ಭಾವನ ಎದುರು ಕೂತು ಎಷ್ಟು ಕೇಳಿದರೆ ಅಷ್ಟೇ ಉತ್ತರ ಕೊಟ್ಟ. ಅನ್ನ ಕಲಸಿ, ತಿನ್ನದೆ ಬಿಟ್ಟ. ಮೊದಲಾಗಿದ್ದರೆ ಭಾವನಿಗೆ ನಾಲ್ಕು ಕೀಟಲೆ ಮಾಡದೆ ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಸುಮ್ಮನಿರುತ್ತಿರಲಿಲ್ಲ.

ಅವತ್ತು ಸಂಜೆ ಅಡುಗೆಮನೆಯಲ್ಲಿ ಹೆಂಡತಿ ದನಿ ತಗ್ಗಿಸಿ ಕೇಳಿದಳು: "ಅದು ಎಲ್ಲಿದೆ?"

"ಅಟ್ಟದ ಮೇಲೆ."

"ಮನೇಲಿ ಬೇಡಾರೀ. ಪುಟ್ಟ ಇರೋವರ್ಗಾದ್ರೂ ಬೇಡ. ಅಂಗಡೀಲಿಡಿ."

"ಅಂಗಡಿ ಮನೆಗಿಂತ ಮೋಸ. ಹತ್ತು ಜನ ಬಂದು ಹೋಗೋ ಜಾಗ."

"ಕೊಂಡಲ್ಲೇ ವಾಪಸ್ ಕೊಟ್ಟು ಬನ್ನಿ."

"ತಂದು ಎರಡೇ ದಿನ ಆಗಿದೆ! ಏನಂದ್ಕೋತಾರೆ? ಅವನಿಗೆ ಗೊತ್ತೇ ಇಲ್ಲ ಬಿಡು, ನಾನು ನೋಡ್ಕೋತೀನಿ."

ಹೆಂಡತಿ ಅವರ ಮುಖವನ್ನೇ ನೋಡಿ, ಒಲೆಯ ಕಡೆ ತಿರುಗಿಕೊಂಡಳು. ಮೇಷ್ಟ್ರಿಗೆ ತನ್ನ ಮಾತಿನಲ್ಲಿ ಹುರುಳಿಲ್ಲ ಅಂತ ಗೊತ್ತಿತ್ತು. ಬಿಟ್ಟುಕೊಡಲು ಮನಸ್ಸಿರಲಿಲ್ಲ, ಅಷ್ಟೇ. ಇಪ್ಪತ್ತೊಂಬತ್ತು ವರ್ಷ ಕಾದದ್ದನ್ನು ಎರಡು ದಿನಕ್ಕೆ ಹೇಗೆ ಬಿಡುವುದು?

ಭಾನುವಾರದಿಂದ ಅವರು ಬಾಲ ಸುಟ್ಟ ಬೆಕ್ಕಿನ ಹಾಗಾದರು. ಅಟ್ಟ ಬೇಡ, ಪುಟ್ಟನಿಗೆ ಸ್ಟೂಲೂ ಬೇಕಾಗಿಲ್ಲ, ಕೈ ಎತ್ತಿದರೆ ಸಿಗುತ್ತದೆ. ಸರಿ, ಅಕ್ಕಿ ಡಬ್ಬಿಯೊಳಗೆ. ಅಲ್ಲಿ ಹೆಂಡತಿ ಕೈ ಹಾಕುತ್ತಾಳೆ. ಸರಿ, ಬಚ್ಚಲ ಮೇಲಿನ ಹಳೆಯ ಬಕೆಟ್ಟಿನಲ್ಲಿ, ಚಿಂದಿ ಬಟ್ಟೆಯ ಕೆಳಗೆ. ಅಲ್ಲಿ ತೇವ, ತುಕ್ಕು ಹಿಡಿದೀತು. ಪ್ರತಿ ಸಲ ಜಾಗ ಬದಲಿಸುವಾಗ ಬಟ್ಟೆ ಬಿಚ್ಚಿ ನೋಡುತ್ತಿದ್ದರು. ನೋಡಿದಾಗಲೆಲ್ಲ ಅದೇ ಚೆಂದ, ಅದೇ ಹೊಳಪು. ಉರುಳೆ ತಿರುಗಿಸುವ ಆಸೆಯಾದರೂ ಸದ್ದು ಹೊರಗೆ ಕೇಳೀತು ಅಂತ ತಿರುಗಿಸುತ್ತಿರಲಿಲ್ಲ. ಅಂಗಡಿಯಲ್ಲಿ ಕೂತರೂ ಮನಸ್ಸು ಮನೆಯಲ್ಲಿ. ಸೋಮವಾರ ಒಂದೇ ಕೀಲಿಯನ್ನು ಮೂರು ಸಲ ತಪ್ಪಾಗಿ ಮಾಡಿ, ಪ್ರೆಸ್ಸಿನವನಿಂದ, "ಏನ್ ಮೇಷ್ಟ್ರೇ, ಈ ವಯಸ್ಸಲ್ಲಿ ಯಾರನ್ನ ನೆನೆಸ್ಕೋತಿದೀರಿ?" ಅನ್ನಿಸಿಕೊಂಡರು.

ಮಂಗಳವಾರ ಮಧ್ಯಾಹ್ನ ಊಟಕ್ಕೆ ಬಂದಾಗ ಪುಟ್ಟ ನಡುಮನೆಯ ಬೆಂಚಿನ ಮೇಲೆ ಕೂತು ಬರೀ ಗೋಡೆ ನೋಡುತ್ತಿದ್ದ. ಮೇಷ್ಟ್ರು ಏನೂ ಆಗಿಲ್ಲ ಅನ್ನುವ ಹಾಗೆ ಒಳಗೆ ಹೋಗಿ, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ರಜಾಯಿಗಳ ಗಂಟಿಗೆ ಕೈ ಹಾಕಿ ಮುಟ್ಟಿ ನೋಡಿದರು. ಇತ್ತು. ಹೊರಗೆ ಬಂದಾಗ ಪುಟ್ಟ ಅವರನ್ನೇ ನೋಡುತ್ತಿದ್ದ.

"ಏನ್ ಭಾವ, ಏನಾದ್ರೂ ಕಳ್ಕೊಂಡ್ರಾ?"

"ಇಲ್ಲಪ್ಪ, ಕರ್ಚೀಫು."

ಕರ್ಚೀಫು ಅವರ ಕೈಯಲ್ಲೇ ಇತ್ತು. ಪುಟ್ಟ ಅದನ್ನು ನೋಡಿ, ಮತ್ತೆ ಗೋಡೆಯ ಕಡೆ ತಿರುಗಿದ.

ಬುಧವಾರ ಬೆಳಗ್ಗೆ ಮೇಷ್ಟ್ರು ಮಾಡಬಾರದ್ದನ್ನು ಮಾಡಿದರು. ರಿವಾಲ್ವರನ್ನೂ ಗುಂಡಿನ ಡಬ್ಬಿಯನ್ನೂ ಬಟ್ಟೆಯಲ್ಲಿ ಸುತ್ತಿ, ಉಪಕರಣದ ಚೀಲದ ತಳಕ್ಕೆ ಸೇರಿಸಿ ಕೆಲಸಕ್ಕೆ ಹೊರಟರು. ಹೀಗೆ ಹೊರಗೆ ಒಯ್ಯಕೂಡದು ಅಂತ ಪರವಾನಗಿಯ ಕಾಗದದಲ್ಲೇ ಬರೆದಿತ್ತು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆವರಿದರು. ಪಕ್ಕದವನು ತೂಕಡಿಸಿ ಭುಜಕ್ಕೆ ಒರಗಿದರೆ ಬೆಚ್ಚಿಬಿದ್ದರು.

ಹತ್ತು ಗಂಟೆಗೆ ಒಂದು ಕರೆ ಬಂತು. ಮೂರನೇ ಮಹಡಿಯ ಮನೆಯೊಂದರಲ್ಲಿ ಹಾಲು ಬಿಸಿಗಿಟ್ಟು ಕಸ ಹಾಕಲು ಹೊರಬಂದ ಗೃಹಿಣಿಯ ಹಿಂದೆ ಬಾಗಿಲು ಹಾಕಿಕೊಂಡುಬಿಟ್ಟಿತ್ತು. ಕೀಲಿ ಒಳಗೆ. ಮೇಷ್ಟ್ರು ಓಡಿದರು. ಆಕೆ ಕಸದ ಬುಟ್ಟಿ ಹಿಡಿದೇ ನಿಂತಿದ್ದರು; ಬಾಗಿಲ ಸಂದಿಯಿಂದ ಸೀದ ವಾಸನೆ ಬರುತ್ತಿತ್ತು.

"ಬೇಗ ತೆಗೀರಿ, ನಿಮ್ಮ ದಮ್ಮಯ್ಯ!"

ಅವಸರದಲ್ಲಿ ಮೇಷ್ಟ್ರು ಚೀಲಕ್ಕೆ ಕೈ ಹಾಕಿ ತಂತಿಯ ಕಟ್ಟನ್ನು ಎಳೆದರು. ತಂತಿಗೆ ಬಟ್ಟೆ ಸಿಕ್ಕಿಕೊಂಡು ಬಿಚ್ಚಿಹೋಯಿತು. ಜೇನಿನ ಬಣ್ಣದ ಮರದ ಹಿಡಿ ಮೆಟ್ಟಿಲ ಬೆಳಕಿನಲ್ಲಿ ಮಿಂಚಿತು.

ಆಕೆ ಕಿರುಚಲಿಲ್ಲ. ಕಿರುಚಿದ್ದರೂ ಮೇಷ್ಟ್ರಿಗೆ ಅಷ್ಟು ನೋವಾಗುತ್ತಿರಲಿಲ್ಲ. ಕಸದ ಬುಟ್ಟಿಯನ್ನು ಎದೆಗೆ ಅವುಚಿಕೊಂಡು, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿದರು. ಕಣ್ಣು ಚೀಲದ ಮೇಲಿತ್ತು.

"ಅಮ್ಮಾ, ಇದು ಲೈಸೆನ್ಸ್ ಇರೋದು. ನಾನು ಬೀಗದ..."

"ಏನೂ ಬೇಡ. ನೀವು ಹೋಗಿ. ಬಾಗಿಲೂ ಬೇಡ, ಏನೂ ಬೇಡ."

ಒಲೆ ಉರಿಯುತ್ತಿತ್ತಲ್ಲ, ಹೋಗುವಂತಿರಲಿಲ್ಲ. ಮೇಷ್ಟ್ರು ಬಾಗಿಲು ತೆಗೆದು, ಒಲೆ ಆರಿಸಿ, ಕಿಟಕಿ ತೆರೆದು ಹೊರಬಂದರು. ಆಕೆ ಕೆಳಗಿನ ಮನೆಯ ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದರು. ಮೇಷ್ಟ್ರು ಹಾದುಹೋಗುವಾಗ ಆಕೆ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಮೂವತ್ತೈದು ವರ್ಷದಲ್ಲಿ ಎಷ್ಟೋ ಜನ ಅವರನ್ನು ಮನೆಯೊಳಗೆ ಬಿಟ್ಟು ಬೀದಿ ಕೊನೆಯ ಅಂಗಡಿಗೆ ಹೋಗಿ ಬಂದದ್ದುಂಟು. ಅವರನ್ನು ಕಂಡು ಒಬ್ಬರು ಹೆದರಿದ್ದು ಇದೇ ಮೊದಲು.

ಅಂಗಡಿಗೆ ಹೋಗಲಿಲ್ಲ. ನೇರ ಮನೆಗೆ ಬಂದರು. ಇನ್ನೂ ಹನ್ನೊಂದೂವರೆ.

ನಡುಮನೆಯ ಬೆಂಚು ಖಾಲಿ ಇತ್ತು. ಮಲಗುವ ಕೋಣೆಯಲ್ಲಿ ಬೀರು ಬಾಯಿ ತೆರೆದಿತ್ತು, ಟ್ರಂಕು ಹೊರಗೆ ಬಂದಿತ್ತು, ರಜಾಯಿಗಳು ನೆಲದ ಮೇಲೆ ಬಿದ್ದಿದ್ದವು. ನಡುವೆ ಪುಟ್ಟ ಮಂಡಿ ಮಡಚಿ, ಗೋಡೆಗೆ ಒರಗಿ ಕೂತಿದ್ದ.

"ಏನೋ ಇದು?"

ಪುಟ್ಟ ತಲೆ ಎತ್ತಿದ. ಅವನ ಮುಖದಲ್ಲಿ ಸಿಕ್ಕಿಬಿದ್ದ ಕಳ್ಳನ ಗಾಬರಿ ಇರಲಿಲ್ಲ. ಬಹಳ ದೂರ ನಡೆದು ಬಂದವನ ಆಯಾಸ ಇತ್ತು.

"ನೀವು ಎಲ್ಲೆಲ್ಲಿ ಇಟ್ರಿ ಅಂತ ಎಲ್ಲಾ ಗೊತ್ತು ಭಾವ. ಅಟ್ಟ, ಅಕ್ಕಿ ಡಬ್ಬಿ, ಬಕೆಟ್ಟು, ರಜಾಯಿ. ನೀವು ಎದ್ದು ಹೋದ ಕಡೆಗೆಲ್ಲಾ ನನ್ನ ಕಣ್ಣು ಹೋಗ್ತಿತ್ತು. ಬೇಡ ಅಂದ್ರೂ ಹೋಗ್ತಿತ್ತು." ಒಣಗಿದ ತುಟಿ ಸವರಿಕೊಂಡ. "ಇವತ್ತು ಅಕ್ಕ ಹೋದಮೇಲೆ ಹುಡುಕಿದೆ. ಇರ್ಲಿಲ್ಲ. ಆಮೇಲೆ ಎದ್ದೇಳೋಕೆ ಆಗ್ಲಿಲ್ಲ, ಇಲ್ಲೇ ಕೂತ್ಬಿಟ್ಟೆ."

ಮೇಷ್ಟ್ರಿಗೆ ಹೆಗಲ ಮೇಲಿನ ಚೀಲ ಮಣಭಾರವಾಯಿತು.

"ಎಲ್ಲಿದೆ ಅಂತ ಹೇಳ್ಬೇಡಿ" ಅಂದ ಪುಟ್ಟ. "ಮನೆಯಿಂದ ಆಚೆ ಕಳಿಸಿ. ಇವತ್ತೇ. ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ನಿಜಕ್ಕೂ ಮುಂದಕ್ಕೆ ಬಾಗಿದ. ಮೇಷ್ಟ್ರು ಚೀಲವನ್ನು ಬೆನ್ನ ಹಿಂದೆ ತಳ್ಳಿ, ನೆಲಕ್ಕೆ ಕುಸಿದು, ಆ ಆರಡಿ ಆಳನ್ನು ಎರಡೂ ಕೈಯಿಂದ ತಬ್ಬಿಕೊಂಡರು. ಇಪ್ಪತ್ತು ವರ್ಷದ ನೆಂಟಸ್ತಿಕೆಯಲ್ಲಿ ಒಂದು ಸಲವೂ ಹಾಗೆ ಮುಟ್ಟಿದವರಲ್ಲ. ಒಂದು ಕೈಯಿಂದ ಅವನನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಹೆಂಡತಿಗೆ ಫೋನು ಹಚ್ಚಿದರು. "ಈಗ್ಲೇ ಬಾ" ಅಂದರು.

ಅವಳು ಲ್ಯಾಬಿನ ಬಿಳಿ ಕೋಟನ್ನೂ ತೆಗೆಯದೆ ಇಪ್ಪತ್ತೇ ನಿಮಿಷದಲ್ಲಿ ಬಂದಳು. ನೆಲದ ಮೇಲಿನ ರಜಾಯಿ, ತೆರೆದ ಬೀರು, ಒಬ್ಬರನ್ನೊಬ್ಬರು ಹಿಡಿದು ಕೂತ ಇಬ್ಬರನ್ನೂ ನೋಡಿದಳು. ತಮ್ಮನ ಪಕ್ಕ ಕೂತು ಅವನ ಮಣಿಕಟ್ಟು ಹಿಡಿದಳು, ನಾಡಿ ನೋಡುವವಳ ಹಾಗೆ.

"ಪುಟ್ಟ, ನನ್ನ ಜೊತೆ ಆಸ್ಪತ್ರೆಗೆ ಬರ್ತೀಯಾ? ನಮ್ಮ ಲ್ಯಾಬಿಗೆ ಬರೋ ಡಾಕ್ಟರಮ್ಮ ಒಬ್ರಿದಾರೆ. ಇಂಥದ್ದಕ್ಕೇ ಇರೋರು. ಇವತ್ತೇ ನೋಡ್ತಾರೆ."

"ಬರ್ತೀನಿ ಅಕ್ಕ."

"ಈಗ ಮನಸ್ಸಲ್ಲಿ ಏನಿದೆಯೋ ಅದನ್ನೆಲ್ಲಾ ಅವರಿಗೆ ಹೇಳ್ಬೇಕು. ಮುಚ್ಚಿಡಬಾರ್ದು."

"ಹೂಂ."

ಆಮೇಲೆ ಗಂಡನ ಕಡೆ ತಿರುಗಿದಳು. "ನೀವು ಅದನ್ನ ತಗೊಂಡು ಹೋಗಿ. ಕೊಟ್ಟು, ಸೀದಾ ಆಸ್ಪತ್ರೆಗೆ ಬನ್ನಿ." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದೇ ಮೇಷ್ಟ್ರನ್ನು ಕೊಂದುಹಾಕಿತು.

ಬಂದೂಕಿನ ಅಂಗಡಿಯ ಮುದುಕ ಕನ್ನಡಕದ ಮೇಲಿಂದ ನೋಡಿದ. ಮೇಷ್ಟ್ರು ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟು, "ಮನೇಲಿ ಇಡೋಕಾಗ್ಲಿಲ್ಲ" ಅಂದರು.

"ಏಳು ದಿನ" ಅಂದ ಮುದುಕ. ನಗಲಿಲ್ಲ. "ಒಬ್ರು ಮೂರೇ ದಿನಕ್ಕೆ ತಂದಿದ್ರು. ಇನ್ನೊಬ್ರು ತರ್ಲೇ ಇಲ್ಲ. ಅವರ ಅಣ್ಣ ತಂದುಕೊಟ್ರು." ಅದರ ಅರ್ಥ ಮೇಷ್ಟ್ರಿಗೆ ಮೆಟ್ಟಿಲು ಇಳಿಯುವಾಗ ಹೊಳೆಯಿತು. ಉಳಿದ ಮೆಟ್ಟಿಲುಗಳನ್ನು ಓಡುತ್ತಲೇ ಇಳಿದು ಆಸ್ಪತ್ರೆಯ ಬಸ್ಸು ಹಿಡಿದರು.

ಪುಟ್ಟನನ್ನು ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇಟ್ಟುಕೊಂಡರು. ಆಮೇಲೆ ಮಾತ್ರೆ, ವಾರಕ್ಕೆರಡು ಸಲ ಡಾಕ್ಟರಮ್ಮನ ಜೊತೆ ಮಾತು. ಒಂದೇ ಸಲಕ್ಕೆ ಸರಿಹೋಯಿತು ಅಂತೇನಿಲ್ಲ. ಒಂದು ವಾರ ಚೆನ್ನಾಗಿದ್ದರೆ ಎರಡು ವಾರ ಗೋಡೆ ನೋಡುತ್ತಿದ್ದ. ರಿವಾಲ್ವರನ್ನು ಮುದುಕನೇ ಯಾರೋ ಹಳೆಯ ಮಾದರಿಗಳನ್ನು ಕೂಡಿಡುವವರಿಗೆ ಮಾರಿಕೊಟ್ಟ. ಮೇಷ್ಟ್ರು ಪರವಾನಗಿ ಹಿಂದಿರುಗಿಸಿದರು. ಆದರೆ ಅವರ ಚಡಪಡಿಕೆ ನಿಲ್ಲಲಿಲ್ಲ. ಕೆಲಸದ ಮಧ್ಯೆ ಎದ್ದು ಮನೆಗೆ ಫೋನು ಮಾಡುವರು. ಪುಟ್ಟ ಎತ್ತಿದರೆ, "ಸುಮ್ನೆ ಮಾಡ್ದೆ" ಅನ್ನುವರು. "ಬೆಳಗ್ಗಿಂದ ಐದನೇ ಸುಮ್ನೆ ಭಾವ ಇದು" ಅಂತ ಒಂದು ದಿನ ಪುಟ್ಟ ಅಂದಾಗ, ಅದು ಕೀಟಲೆ ಅಂತ ಅರ್ಥವಾಗಲು ಅವರಿಗೆ ಒಂದು ನಿಮಿಷ ಹಿಡಿಯಿತು.

ಮೂರು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಪುಟ್ಟ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಬಂದು ನಿಂತ.

"ಭಾವ, ಅವತ್ತು ತೊಲೆ ಬಿದ್ದು ಹೋದ್ನಲ್ಲ, ಅವನ ಮನೆಗೆ ಹೋಗ್ಬೇಕು ಅಂತಿದೀನಿ. ಅವನ ಅಮ್ಮನ್ನ ನೋಡೋಕೆ. ಒಬ್ನೇ ಆಗಲ್ಲ. ಬರ್ತೀರಾ?"

ಮೇಷ್ಟ್ರು ಅಂಗಡಿ ತೆರೆಯಲಿಲ್ಲ. ಎರಡು ಬಸ್ಸು ಬದಲಿಸಿ ಹೋದರು. ಕಿರಿದಾದ ಮೆಟ್ಟಿಲು, ಎರಡನೇ ಮಹಡಿ. ಪುಟ್ಟ ಬಾಗಿಲು ತಟ್ಟಲು ಕೈ ಎತ್ತಿ ಎರಡು ಸಲ ಇಳಿಸಿದ. ಮೂರನೇ ಸಲ ತಟ್ಟಿದ. ಬಿಳಿಕೂದಲಿನ ಹೆಂಗಸೊಬ್ಬರು ಬಾಗಿಲು ತೆರೆದು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಕೆಯ ಮುಖದಲ್ಲಿ ಏನಿದೆ ಅಂತ ಮೇಷ್ಟ್ರಿಗೆ ತಿಳಿಯಲಿಲ್ಲ.

"ಇಷ್ಟು ದಿನ ಬೇಕಾಯ್ತೇನೋ ಬರೋಕೆ?" ಅಂದರು ಆಕೆ. "ಬಾ ಒಳಗೆ."

ಪುಟ್ಟ ತಲೆ ತಗ್ಗಿಸಿ ಒಳಗೆ ಹೋದ. ಬಾಗಿಲು ಅರ್ಧ ಮುಚ್ಚಿಕೊಂಡಿತು. ಮೇಷ್ಟ್ರು ಹೊರಗೇ ಉಳಿದರು. ಮೆಟ್ಟಿಲ ಮೇಲೆ ಕೂತರು, ಎದ್ದರು, ಕೆಳಗಿನವರೆಗೂ ಇಳಿದು ಮತ್ತೆ ಹತ್ತಿದರು. ಒಳಗಿಂದ ಅಳು ಕೇಳಿತು. ಯಾರದ್ದು ಅಂತ ಗೊತ್ತಾಗಲಿಲ್ಲ, ಬಹುಶಃ ಇಬ್ಬರದೂ. ಒಳಗೆ ಹೋಗಲೇ ಬೇಡವೇ ಅಂತ ಹೊಸ್ತಿಲ ತನಕ ಬಂದು ನಿಂತರು. ಅಷ್ಟರಲ್ಲಿ ಆಕೆಯ ಮಾತು ಶುರುವಾಯಿತು, ನಡುನಡುವೆ ಪುಟ್ಟನ ದನಿ, ಮೊದಲು ಒಂದೊಂದೇ ಪದ, ಆಮೇಲೆ ಉದ್ದುದ್ದ. ಮೇಷ್ಟ್ರು ಸದ್ದಾಗದ ಹಾಗೆ ಹಿಂದೆ ಸರಿದು, ಮತ್ತೆ ಮೆಟ್ಟಿಲಿಗೆ ಹೋಗಿ ಕೂತರು.